ದಾವಣಗೆರೆಯಿಂದ ಎಚ್‌ಎಎಲ್ ಮ್ಯೂಸಿಯಂಗೆ: ಮಳೆ ಇದ್ದರೂ ಹೋಗಿ ಬನ್ನಿ

ರಜೆಯಲ್ಲಿ ಮಕ್ಕಳಿಗೆ ಯುದ್ಧವಿಮಾನ ತೋರಿಸಬೇಕು ಅಂದ್ರೆ ದಾವಣಗೆರೆ, ಚಿತ್ರದುರ್ಗದವರಿಗೆ ಬೆಂಗಳೂರೇ ಗತಿ. ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆ ನಿಜ. ಆದರೆ ಅಲ್ಲಿ ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಮ್ಯೂಸಿಯಂಗೆ ಹೋಗಿದ್ದೆವು. ಅವತ್ತು ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ.

ಮೊದಲು ಪ್ರಯಾಣದ ಲೆಕ್ಕ. ಧಾರವಾಡದ ವಂದೇ ಭಾರತ್, ಹುಬ್ಬಳ್ಳಿಯ ಜನಶತಾಬ್ದಿ ಎರಡೂ ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಈ ಕಡೆ ಬರುವ ಗಾಡಿಗಳು. ನಮ್ಮೂರಿಂದ ಅವು ಅತ್ತ ಹೋಗುವುದು ಮಧ್ಯಾಹ್ನದ ಮೇಲೆ. ಬೆಳಗಾವಿಯಿಂದ ಬೆಳಿಗ್ಗೆ ಬರುವ ವಂದೇ ಭಾರತ್ ಕೂಡ ಬೆಂಗಳೂರು ಮುಟ್ಟುವುದು ಮಧ್ಯಾಹ್ನವೇ. ಬೆಂಗಳೂರಲ್ಲಿ ಉಳಿಯೋಕೆ ನೆಂಟರ ಮನೆ ಇಲ್ಲದಿದ್ದರೆ ರಾತ್ರಿ ಬಸ್ಸೇ ವಾಸಿ. ಮೆಜೆಸ್ಟಿಕ್‌ನಿಂದ 335ಇ ಬಸ್ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಹೋಗುತ್ತದೆ. ಮಳೆ ಬಂದಾಗ ಆ ರಸ್ತೆಯ ಟ್ರಾಫಿಕ್ ಕೇಳಲೇಬೇಡಿ. ನೇರಳೆ ಮೆಟ್ರೊ ಹತ್ತಿ ಬೈಯಪ್ಪನಹಳ್ಳಿಯಲ್ಲಿ ಇಳಿಯಿರಿ, ಅಲ್ಲಿಂದ ಆಟೊ. ಆಟೊ ಸುರಂಜನ್ ದಾಸ್ ರಸ್ತೆಯಲ್ಲಿ ಹೋದರೆ ಆ ಹೆಸರು ನೆನಪಿಟ್ಟುಕೊಳ್ಳಿ, ಮ್ಯೂಸಿಯಂನಲ್ಲಿ ಬೇಕಾಗುತ್ತದೆ.

ವಿಮಾನಗಳು ನಿಂತಿರುವುದು ಹೊರಗೆ, ಬಯಲಲ್ಲಿ. ಬಿಸಿಲಿದ್ದರೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಮಿಗ್-21 ಮುಂದೆ ಫೋಟೊ ತೆಗೆಸಿಕೊಂಡು, ಒಳಗೆ ಸುಮ್ನೆ ಒಂದು ಸುತ್ತು ಹಾಕಿ ಹೊರಡುತ್ತಾರೆ. ಮಳೆ ಬಂದರೆ ಬೇರೆ ದಾರಿಯಿಲ್ಲ, ಒಳಗೇ ನಿಲ್ಲಬೇಕು. ನನ್ನ ಪ್ರಕಾರ ಅದೇ ಒಳ್ಳೆಯದಾಯಿತು. ಒಂದು ಹಾಲ್‌ನಲ್ಲಿ 1940ರಿಂದ ಈಚಿನ ಫೋಟೊಗಳಿವೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ಈ ಕಾರ್ಖಾನೆಯಲ್ಲಿ ಮೈಸೂರು ಸರ್ಕಾರದ ಪಾಲೂ ಇತ್ತು. ಇನ್ನೊಂದು ಹಾಲ್ ಎಂಜಿನ್‌ಗಳದ್ದು. ಹೊಟ್ಟೆ ಸೀಳಿದ ಹಲಸಿನ ಹಣ್ಣಿನ ಹಾಗೆ ಕತ್ತರಿಸಿ ಇಟ್ಟಿದ್ದಾರೆ, ಒಳಗಿನ ಸಾಲು ಸಾಲು ರೆಕ್ಕೆಗಳೆಲ್ಲ ಕಾಣುತ್ತವೆ. ಗಾಳಿ ಎಲ್ಲಿ ಒಳಗೆ ಬರುತ್ತೆ, ಎಲ್ಲಿ ಒತ್ತಡ ಏರುತ್ತೆ, ಇಂಧನ ಎಲ್ಲಿ ಉರಿಯುತ್ತೆ ಅಂತ ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು.

ಇದನ್ನು ನೋಡಿದ ಮೇಲೆ ಮಳೆ ನಿಂತಾಗ ಹೊರಗೆ ಬಂದು ಮಾರುತ್ ಹತ್ತಿರ ನಿಲ್ಲಿ. ಭಾರತದಲ್ಲೇ ವಿನ್ಯಾಸ ಮಾಡಿ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ ಇದು. ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥ ಜರ್ಮನಿಯ ಕರ್ಟ್ ಟ್ಯಾಂಕ್. 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ವಿಮಾನದ ಮೈಕಟ್ಟು ಚೆನ್ನಾಗಿತ್ತು, ಆದರೆ ಅಂದುಕೊಂಡಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಶಬ್ದದ ವೇಗವನ್ನು ಎಷ್ಟೋ ಹಿಂದೆ ಹಾಕಬೇಕಿದ್ದ ವಿಮಾನ ಅದರ ಹತ್ತಿರಕ್ಕೆ ಬಂದು ನಿಂತಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಲಸ ಮಾಡಿತು. ಎಂಜಿನ್ ಹಾಲ್ ನೋಡದೆ ಬಂದವರಿಗೆ ಇದು ಬರೀ ಹಳೇ ವಿಮಾನ, ಅಲ್ವಾ?

ಕ್ಯಾನ್‌ಬೆರಾ, ಅಜೀತ್, ಕಿರಣ್ ಕೂಡ ಇವೆ. ಲಕ್ಷ್ಯ ಅನ್ನುವ ಪೈಲಟ್ ಇಲ್ಲದ ಪುಟ್ಟ ವಿಮಾನ ಮಕ್ಕಳಿಗೆ ಜಾಸ್ತಿ ಇಷ್ಟವಾಗುತ್ತದೆ.

ಕೂತಲ್ಲೇ ವಿಮಾನ ಹಾರಿಸಿದ ಅನುಭವ ಕೊಡುವ ಸಿಮ್ಯುಲೇಟರ್‌ಗೆ ಬೇರೆ ಟಿಕೆಟ್. ತೆರೆದಿರುವ ದಿನ, ಸಮಯ ಹೊರಡುವ ಮೊದಲೇ ವಿಚಾರಿಸಿ. ಒದ್ದೆ ನೆಲದಲ್ಲಿ ಜಾರದ ಚಪ್ಪಲಿ ಹಾಕಿಕೊಳ್ಳಿ. ಮಂಡಕ್ಕಿ ಕಟ್ಟಿಕೊಂಡರೆ ದಾರಿಯಲ್ಲಿ ಮಕ್ಕಳ ಗಲಾಟೆ ಕಮ್ಮಿ. ವಾಪಸ್ ರಾತ್ರಿ ಬಸ್ ಇದ್ದರೂ, ಮಳೆಯ ಸಂಜೆ ಮೆಜೆಸ್ಟಿಕ್ ಮುಟ್ಟೋಕೆ ಎರಡು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಿ.