ಅಂತರಗಂಗೆಯ ಗರಸು, ಚಾಂಪಿಯನ್ ರೀಫಿನ ಧೂಳು

ಸಂಕ್ರಾಂತಿ ಕಳೆಯಿತೆಂದರೆ ಕೋಲಾರ ಸೀಮೆಯ ಹಳ್ಳಿ ರಸ್ತೆಗಳೆಲ್ಲ ಕಣವಾಗಿಬಿಡುತ್ತವೆ. ರಾಗಿ ತೆನೆಯೋ ಹುರುಳಿ ಗಿಡವೋ, ಕೊಯ್ದದ್ದನ್ನು ತಂದು ಡಾಂಬರಿನ ಮೇಲೆ ಹರಡಿ, ಹೋಗಿ ಬರುವ ಲಾರಿ, ಟ್ರ್ಯಾಕ್ಟರುಗಳ ಚಕ್ರದಿಂದಲೇ ಒಕ್ಕಣೆ ಮುಗಿಸುತ್ತಾರೆ. ಕಾರಿನವರು ಬೈದುಕೊಂಡು ಹೋಗುತ್ತಾರೆ. ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಸೈಕಲ್ಲಿನವರ ಪಾಡು ಬೇರೆ. ಗೇರು ಬದಲಿಸುವ ಹಿಂದಿನ ಡಿರೇಲರಿನ ಪುಟ್ಟ ಚಕ್ರಕ್ಕೆ ಒಂದು ಬಳ್ಳಿ ಸಿಕ್ಕಿದರೂ ಪೆಡಲ್ಲು ಅಲ್ಲೇ ಬಿಗಿದುಕೊಳ್ಳುತ್ತದೆ. ಅಂತರಗಂಗೆಯಿಂದ ಶುರುಮಾಡಿ, ಬಂಗಾರಪೇಟೆ, ಕೆಜಿಎಫ್ ದಾಟಿ ಬೇತಮಂಗಲದ ಕೆರೆ ತನಕ ಹೋಗೋಣವೆಂದು ನಾನೂ ಅಕ್ಕನ ಮಗನೂ ಹೊರಟದ್ದು ಇಂಥ ಕಾಲದಲ್ಲಿ.

ಹುಡುಗನದು ಹೊಸ ಮೌಂಟನ್ ಬೈಕು, ಹನ್ನೆರಡು ಗೇರು. ನನ್ನದು ಒಂಬತ್ತು ಗೇರಿನ ಹಳೇದು. ಬೆಳಗಿನ ಜಾವ ಬೀದಿ ದೀಪದ ಬೆಳಕಿನಲ್ಲಿ ಅವನ ಚೈನು ಥಳಥಳ ಅನ್ನುತ್ತಿತ್ತು.

"ಏನೋ ಇದು, ತೊಟ್ಟಿಕ್ತಾ ಇದೆ?"

"ರಾತ್ರಿನೇ ಹಾಕ್ದೆ ಮಾವ. ವೆಟ್ ಲ್ಯೂಬ್. ಕಾಲು ಬಾಟ್ಲು ಆಯ್ತು. ತುಳಿದು ನೋಡು, ಒಂಚೂರೂ ಸದ್ದಿಲ್ಲ."

ವೆಟ್ ಲ್ಯೂಬ್ ಅಂದರೆ ಚೈನಿಗೆ ಹಾಕುವ ದಪ್ಪ ಎಣ್ಣೆ. ಸದ್ದಿರಲಿಲ್ಲ, ನಿಜ. ಬನಿಯನ್ ಬಟ್ಟೆ ಕೊಟ್ಟು ಒರೆಸು ಅಂದೆ. ಕಾಟಾಚಾರಕ್ಕೆ ಒಂದು ಸುತ್ತು ಒರೆಸಿ ಹೊರಟೇಬಿಟ್ಟ.

ಅಂತರಗಂಗೆ ಊರಿಗೆ ಅಂಟಿಕೊಂಡಂತೆಯೇ ಇದೆ, ಮೂರು ನಾಲ್ಕು ಕಿಲೋಮೀಟರು. ಶತಶೃಂಗ ಬೆಟ್ಟಗಳ ಮಗ್ಗುಲಲ್ಲಿ ಕಾಶಿ ವಿಶ್ವೇಶ್ವರನ ಗುಡಿ. ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು ಬರಗಾಲದಲ್ಲೂ ನಿಂತದ್ದಿಲ್ಲವೆಂದು ಊರವರ ಮಾತು. ಅಲ್ಲಿನ ಮಂಗಗಳಿಗೆ ಹ್ಯಾಂಡಲಿಗೆ ಕಟ್ಟಿದ ಚೀಲವೆಂದರೆ ಬಾಳೆಹಣ್ಣೇ. ಆದ್ದರಿಂದ ಒಬ್ಬರು ಸೈಕಲ್ ಕಾಯ್ದು ಇನ್ನೊಬ್ಬರು ಮೆಟ್ಟಿಲು ಹತ್ತಿ, ಸರದಿಯಲ್ಲಿ ಕೈಮುಗಿದು ಬಂದೆವು.

ಅಲ್ಲಿಂದ ತೇರಹಳ್ಳಿ ಕಡೆಗಿನ ಏರು. ಬೆಟ್ಟದ ಮೇಲೆ ಊರುಗಳಿವೆ, ಏಳು ಹಳ್ಳಿ ಅನ್ನುತ್ತಾರೆ. ಕೆಳಗೆ ನಿಂತು ನೋಡುವವರಿಗೆ ಬರೀ ಬಂಡೆ. ಮೇಲೆ ಹೋದರೆ ಹೊಲ, ದನ, ಹುಣಸೆ ಮರ, ಶಾಲೆ. ರಸ್ತೆ ಬಿಟ್ಟು ಬಂಡೆಗಳ ನಡುವಿನ ಕಾಲುದಾರಿಗೆ ಇಳಿದರೆ ಮೌಂಟನ್ ಬೈಕು ಯಾಕೆ ಬೇಕೆಂದು ಗೊತ್ತಾಗುತ್ತದೆ. ಅದು ಗ್ರಾನೈಟು ಸವೆದು ಆದ ಗರಸು. ಟೈರಿನಡಿ ಉರುಳುವ ಕಾಳು ಕಾಳು ಮಣ್ಣು, ಮೇಲೊಂದು ಪದರ ನುಣ್ಣನೆ ಧೂಳು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡೆವು. ಇಳಿಜಾರಿನಲ್ಲಿ ಹುಡುಗ ಮುಂದೆ, ಅವನೆಬ್ಬಿಸಿದ ಧೂಳಿನಲ್ಲಿ ನಾನು. ಆ ಇಳಿಜಾರಿಗಾಗಿ ಯಾರಾದರೂ ಬೆಂಗಳೂರಿಂದ ಬಂದರೂ ತಪ್ಪಿಲ್ಲ. ನಂದಿಬೆಟ್ಟದ ಭಾನುವಾರದ ಜಾತ್ರೆಯಲ್ಲಿ ನಿಲ್ಲುವುದಕ್ಕಿಂತ ಇದು ಮೇಲು ಅನ್ನುವುದು ನನ್ನ ಪಕ್ಷಪಾತ.

ತೇರಹಳ್ಳಿಯ ಹುಣಸೆ ಮರದಡಿ ಚಿತ್ರಾನ್ನ ಬಿಚ್ಚುವ ಮುಂಚೆ ಅವನ ಚೈನು ಮುಟ್ಟಿ ನೋಡಿದೆ. ಬೆಳಿಗ್ಗೆ ಥಳಥಳ ಅನ್ನುತ್ತಿದ್ದದ್ದು ಈಗ ಕರ್ರಗೆ ದಪ್ಪಗಾಗಿತ್ತು. ಬೆರಳ ನಡುವೆ ಉಜ್ಜಿದರೆ ಗರಗರ. ಗ್ಯಾರೇಜಿನಲ್ಲಿ ಇಂಜಿನ್ನಿನ ವಾಲ್ವ್ ತೇಯಲು ಹಚ್ಚುವ ಪೇಸ್ಟು ಕೈಗೆ ಸಿಕ್ಕ ಹಾಗಿತ್ತು. ಗೇರು ಬದಲಿಸುವಾಗ ಕಟಕಟ ಶುರುವಾಗಿ ಎಷ್ಟು ಹೊತ್ತಾಗಿತ್ತೋ, ಹುಡುಗ ಹೇಳಿರಲಿಲ್ಲ.

ಚೈನು ಸವೆಯುವುದು ಹೊರಗಡೆಯಲ್ಲ. ಪಕ್ಕದ ಪಟ್ಟಿಗಳನ್ನು ಹಿಡಿದ ಪಿನ್ನು, ಅದರ ಸುತ್ತ ತಿರುಗುವ ಒಳಪಟ್ಟಿಯ ತೂತು (ಪುಟ್ಟ ರೋಲರು ಕೂರುವುದು ಅದರ ಹೊರಗೆ), ಇವೆರಡರ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಎಲ್ಲ ತಿಕ್ಕಾಟ. ಎಣ್ಣೆ ಬೇಕಾದದ್ದು ಅಲ್ಲಿಗೆ. ಪಟ್ಟಿಯ ಹೊರಮೈ ಮೇಲೆ ಉಳಿದದ್ದು ಯಾವ ಕೆಲಸವನ್ನೂ ಮಾಡುವುದಿಲ್ಲ, ಧೂಳು ಹಿಡಿದುಕೊಂಡು ಕೂರುತ್ತದೆ. ಹಾಗೆ ಹಿಡಿದ ಮರಳಿನ ಕಣ ಮೆಲ್ಲಗೆ ಸಂದಿಗೆ ಇಳಿದರೆ ಪಿನ್ನು ತೇಯುತ್ತದೆ. ಸೈಕಲ್ ಅಂಗಡಿಯವರು 'ಚೈನು ಎಳೆದಿದೆ' ಅನ್ನುತ್ತಾರಲ್ಲ, ಅಲ್ಲಿ ಕಬ್ಬಿಣ ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಒಂದಿಷ್ಟೇ ಇಷ್ಟು ಸವೆದು ಒಟ್ಟು ಉದ್ದ ಜಾಸ್ತಿಯಾಗಿರುತ್ತದೆ. ಉದ್ದವಾದ ಚೈನು ಕ್ಯಾಸೆಟ್ಟಿನ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ, ಹಲ್ಲುಗಳನ್ನೂ ತನ್ನ ಅಳತೆಗೆ ತೇದುಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಹಳೇ ಹಲ್ಲಿನ ಮೇಲೆ ಜಾರುತ್ತದೆ. ಹನ್ನೆರಡು ಗೇರಿನ ಕ್ಯಾಸೆಟ್ಟಿನ ಬೆಲೆ ಕೇಳಿದವರಿಗೆ ಈ ಮಾತಿನ ತೂಕ ಗೊತ್ತು.

ಸಂಜೆ ಕೋಲಾರ ಪೇಟೆಗೆ ಇಳಿದು, ಪರಿಚಯದ ಸಾಬರ ಸೈಕಲ್ ಅಂಗಡಿಗೆ ಹೋದೆವು. ಬಾಡಿಗೆ ಸೈಕಲ್ಲಿನ ಕಾಲದಿಂದ ಇರುವ ಅಂಗಡಿ. ಗೋಡೆಯ ಮೇಲೆ 'ಓವರಾಲಿಂಗ್ ಮಾಡಲಾಗುವುದು' ಎಂಬ ಬಣ್ಣ ಹಾರಿದ ಬರಹ ಇನ್ನೂ ಇದೆ. ಸಾಬರು ಚೈನು ನೋಡಿ ತಲೆ ಅಲ್ಲಾಡಿಸಿ, ಉಕ್ಕಿನ ಸ್ಕೇಲು ತಂದರು. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ ಹನ್ನೆರಡನೇ ಅಂಗುಲದ ಗೆರೆ ಇನ್ನೊಂದು ಪಿನ್ನಿನ ನಡುವಿಗೇ ಬರಬೇಕು.

"ಅರ್ಧ ನೂಲು ಆಚೆ ಹೋದ್ರೆ ಚೈನ್ ತೆಗೀಬೇಕಪ್ಪ. ಒಂದು ನೂಲು ಹೋದ್ರೆ ಹಿಂದಿನ ಹಲ್ಲೂ ಹೋಯ್ತು ಅಂತಲೇ."

ಅರ್ಧ ನೂಲೆಂದರೆ ಅಂಗುಲದ ಹದಿನಾರನೇ ಒಂದು ಭಾಗ, ಹೆಚ್ಚುಕಡಿಮೆ ಅರ್ಧ ಪರ್ಸೆಂಟು. ಹನ್ನೊಂದು, ಹನ್ನೆರಡು ಗೇರಿನ ತೆಳು ಚೈನುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿಯೂ ಅದೇ. ಹಳೇ ದಪ್ಪ ಚೈನಿಗೆ ಮುಕ್ಕಾಲು ಪರ್ಸೆಂಟಿನವರೆಗೆ ಹೋಗಬಹುದು. ಹುಡುಗನ ಚೈನು ಗೆರೆಯಿಂದ ಇನ್ನೂ ಈಚೆಗಿತ್ತು.

ಕೈಯಲ್ಲೇ ಬಿಚ್ಚಬಹುದಾದ ಕೊಂಡಿ, ಕ್ವಿಕ್ ಲಿಂಕ್, ಬಿಚ್ಚಿ ಚೈನನ್ನು ಡೀಸೆಲ್ ಡಬ್ಬಿಗೆ ಹಾಕಿದರು. ಮೊದಲೆಲ್ಲ ಇದಕ್ಕೆ ಸೀಮೆಎಣ್ಣೆ. ಈಗ ಸೀಮೆಎಣ್ಣೆ ಹುಡುಕುವುದೇ ಒಂದು ಪ್ರವಾಸ. ಡೀಸೆಲ್ ಕೊಳೆ ತೆಗೆಯುತ್ತದೆ, ಆದರೆ ತನ್ನದೊಂದು ಜಿಡ್ಡು ಬಿಟ್ಟು ಹೋಗುತ್ತದೆ. ಅದಕ್ಕೇ ಕೊನೆಗೆ ಪೇಂಟ್ ಅಂಗಡಿಯ ಟರ್ಪೆಂಟೈನಿನಲ್ಲಿ ಒಂದು ಸಲ ಅಲುಗಾಡಿಸಿ ಒಣಗಿಸಿದೆವು. ಅಷ್ಟರಲ್ಲಿ ಅಂಗಡಿಯ ಹುಡುಗ ಸ್ಪ್ರೇ ಡಬ್ಬಿ ಹಿಡಿದು ಹಿಂದಿನ ಚಕ್ರದ ಹತ್ತಿರ ಬಂದ. ಓಡಿ ಹೋಗಿ ತಡೆದೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಒಂದು ಹನಿ ಎಣ್ಣೆ ತಾಗಿ ಪ್ಯಾಡಿಗೆ ಇಳಿದರೆ, ಬ್ರೇಕು ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲ. ತಟ್ಟೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬಹುದು. ಎಣ್ಣೆ ಕುಡಿದ ಪ್ಯಾಡನ್ನು ಸಾಮಾನ್ಯವಾಗಿ ಎಸೆಯುವುದೇ.

ಡಬ್ಬಿ ಡಬ್ಲ್ಯೂಡಿ-40. ಕರ್ನಾಟಕದ ಎಲ್ಲ ಕಿರುಗುಟ್ಟುವ ಬಾಗಿಲುಗಳ ರಾಮಬಾಣ. ಅದು 1953ರಲ್ಲಿ ಅಮೆರಿಕದಲ್ಲಿ ರಾಕೆಟ್ಟಿನ ಲೋಹದ ಮೈಗೆ ತುಕ್ಕು ಹಿಡಿಯದಿರಲೆಂದು ನೀರು ಓಡಿಸುವುದಕ್ಕೆ ಮಾಡಿದ್ದು. ನಲವತ್ತನೇ ಪ್ರಯತ್ನಕ್ಕೆ ಹದ ಸಿಕ್ಕಿತಂತೆ, ಹೆಸರಿನ 40 ಅದರದ್ದೇ. ಮಳೆಯಲ್ಲಿ ನೆಂದ ಚೈನಿನ ನೀರು ಬಿಡಿಸಲು ಒಳ್ಳೆಯದು. ಅದನ್ನೇ ಎಣ್ಣೆ ಎಂದು ನಂಬಿ ಬೆಟ್ಟ ಹತ್ತಿದರೆ ಒಳಗಿದ್ದ ಎಣ್ಣೆಯನ್ನೂ ತೊಳೆದುಕೊಂಡು ಹೊರಟ ಹಾಗೆ. ಆ ಕಂಪನಿಯೇ ಸೈಕಲ್ ಚೈನಿಗೆ ಬೇರೆ ಲ್ಯೂಬು ಮಾರುತ್ತದೆ.

ಸಾಬರಿಗೆ ಈ ಬಾಟಲಿಗಳ ಮೇಲೆಲ್ಲ ನಂಬಿಕೆ ಕಮ್ಮಿ. ಹೊಲಿಗೆ ಮಿಷನ್ ಎಣ್ಣೆ ಹಾಕಿ ಒರೆಸಿದರೆ ಸಾಕು ಅನ್ನುವುದು ಅವರ ವಾದ. ಊರೊಳಗೆ ಓಡುವ ಸೈಕಲ್ಲಿಗೆ ಸುಳ್ಳೇನಲ್ಲ; ತೆಳು ಎಣ್ಣೆ, ಸಂದಿಗೆ ಬೇಗ ಇಳಿಯುತ್ತದೆ, ಅಷ್ಟೇ ಬೇಗ ಹಾರಿಹೋಗುತ್ತದೆ. ದಿನಾ ಹಾಕುವ ತಾಳ್ಮೆಯಿದ್ದರೆ ಆದೀತು. ಲಾರಿಯಿಂದ ಇಳಿಸಿದ ವೇಸ್ಟ್ ಆಯಿಲ್ಲು ಮಾತ್ರ ಬೇಡ, ಅದರೊಳಗೆ ಮಸಿಯೂ ಲೋಹದ ಪುಡಿಯೂ ಮೊದಲೇ ಇರುತ್ತವೆ. ಮೋಟರ್ ಬೈಕಿನ ಅಂಟು ಸ್ಪ್ರೇ ಕೂಡ ಈ ಧೂಳಿಗೆ ಆಗಿಬರುವುದಿಲ್ಲ.

ನನ್ನ ಚೀಲದಲ್ಲಿದ್ದದ್ದು ಡ್ರೈ ಲ್ಯೂಬ್. ಹೆಸರು ಡ್ರೈ ಆದರೂ ಬಾಟಲಿಯಲ್ಲಿ ನೀರಾಗಿಯೇ ಇರುತ್ತದೆ: ಹಾರಿಹೋಗುವ ದ್ರಾವಕದಲ್ಲಿ ಬೆರೆಸಿದ ಮೇಣ. ದ್ರಾವಕ ಅದನ್ನು ಸಂದಿಯೊಳಕ್ಕೆ ಒಯ್ದು ತಾನು ಆವಿಯಾಗುತ್ತದೆ, ಮೇಣ ಉಳಿಯುತ್ತದೆ. ಹಾಗಾಗಿ ಅದನ್ನು ಹಾಕಬೇಕಾದ್ದು ಹಿಂದಿನ ರಾತ್ರಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಕೆಳಗಿನ ಸಾಲಿನ ಒಳಮಗ್ಗುಲಿಗೆ, ರೋಲರಿಗೊಂದು ಹನಿ. ಹೊರಡುವ ಹೊತ್ತಿಗೆ ಹಾಕಿದರೆ ಅರ್ಧ ದುಡ್ಡು ರಸ್ತೆಗೆ.

ನೆಂಟರ ಮನೆಯಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ. ಆ ಕಾಲದಲ್ಲಿ ಕೋಲಾರಕ್ಕೆ ಹೋಗಿ ಬೇರೆ ಏನನ್ನಾದರೂ ತಿಂದು ಬರುವವರ ಬಗ್ಗೆ ನನಗೆ ಮರುಕವಿದೆ. ನಾವು ಹಿತ್ತಿಲಲ್ಲಿ ಹನಿ ಎಣಿಸುತ್ತ ಕೂತದ್ದನ್ನು ನೋಡಿದ ಮನೆಯಜ್ಜಿ, "ಅದೇನ್ರಪ್ಪ ತೀರ್ಥ ಬಿಟ್ಟಂಗೆ ಬಿಡ್ತಿದ್ದೀರಿ, ಕೊಬ್ಬರಿ ಎಣ್ಣೆ ಕೊಡ್ತೀನಿ, ಧಾರಾಳವಾಗಿ ಹಾಕ್ಕೊಳ್ರಿ" ಅಂದರು. ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿದ್ದ ಅದೇ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಸುಮಾರು 24 ಡಿಗ್ರಿಯ ಕೆಳಗೆ ಅದರ ಕತೆ ಅಷ್ಟೇ. ಅಜ್ಜಿಯೇ ಮೊದಲು ನಕ್ಕರು.

ಬಂಗಾರಪೇಟೆಗೆ ಹೆದ್ದಾರಿ ಬಿಟ್ಟು ಹಳ್ಳಿಗಳ ಒಳದಾರಿ ಹಿಡಿದೆವು. ಒಂದು ಕಾಲಕ್ಕೆ ಇಲ್ಲಿನ ಕೆರೆಗಳೆಂದರೆ ಸೀಮೆಜಾಲಿ ಕಾಡು, ಮುಳ್ಳು ಚುಚ್ಚಿದ ಟ್ಯೂಬಿನ ಲೆಕ್ಕ. 2018ರಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆಯಲ್ಲಿದ್ದದ್ದು 126 ಕೆರೆ. ಆ ನೀರಿನ ಬಗ್ಗೆ ಊರಲ್ಲಿ ಎರಡು ಮಾತಿದೆ: ಬೋರ್‌ವೆಲ್ಲಿಗೆ ಜೀವ ಬಂತು ಅನ್ನುವವರೂ ಇದ್ದಾರೆ, ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಬೇಕಿತ್ತು ಅನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಅಂಥದೊಂದು ಕೆರೆಯ ಕೋಡಿ ಜನವರಿಯಲ್ಲೂ ದಾರಿಗೆ ಅಡ್ಡ ಹರಿಯುತ್ತಿತ್ತು. ದಾಟಿದೆವು; ಚೈನು ಮುಳುಗಿ ಎದ್ದಿತು, ಆಚೆ ದಡದಲ್ಲಿ ಜೇಡಿ ಮಣ್ಣು.

ಡ್ರೈ ಲ್ಯೂಬಿನ ದೌರ್ಬಲ್ಯ ಇಲ್ಲೇ. ಒಣ ನೆಲದಲ್ಲಿ ಅದು ರಾಜ. ನೀರು ಬಿದ್ದರೆ ತೊಳೆದುಹೋಗುತ್ತದೆ. ಬಂಗಾರಪೇಟೆ ಸೇರುವ ಹೊತ್ತಿಗೆ ಎರಡೂ ಸೈಕಲ್ಲು ಗುಬ್ಬಚ್ಚಿ ಸ್ವರ ತೆಗೆದಿದ್ದವು. "ಈಗ ಹೇಳು ಮಾವ, ನನ್ನ ವೆಟ್ ಲ್ಯೂಬ್ ಇದ್ದಿದ್ರೆ?" ಅಂದ. ಒಪ್ಪಬೇಕಾದ ಮಾತು. ಮಲೆನಾಡಿನ ಜುಲೈಗೆ, ದಿನವಿಡೀ ಕೆಸರು ತುಳಿಯುವವರಿಗೆ ವೆಟ್ ಲ್ಯೂಬೇ ಸರಿ. ದಪ್ಪ ಎಣ್ಣೆ, ನೀರಿಗೆ ಜಗ್ಗುವುದಿಲ್ಲ. ಒಂದು ಕೋಡಿಗಾಗಿ ಅದನ್ನು ಹಚ್ಚಿಕೊಂಡು ಉಳಿದ ಐವತ್ತು ಕಿಲೋಮೀಟರು ಧೂಳು ಉಣ್ಣುವುದು ನನಗೆ ಲಾಭವಾಗಿ ಕಾಣಲಿಲ್ಲ. ಚೈನು ಒರೆಸಿ, ಡ್ರೈ ಲ್ಯೂಬ್ ಮತ್ತೊಂದು ಸುತ್ತು ಹಾಕಿ, ಒಣಗಲಿ ಎಂದು ಬಿಸಿಲಿಗೆ ಒರಗಿಸಿ ಪಾನಿಪೂರಿಗೆ ನಿಂತೆವು. ಬಂಗಾರಪೇಟೆ ಪಾನಿಗೆ ಹಸಿರು ಬಣ್ಣವಿಲ್ಲ, ನೋಡಿದರೆ ಬರೀ ನೀರು. ಬಾಯಿಗೆ ಹೋದ ಮೇಲೆ ಗೊತ್ತಾಗುವುದು. ಲ್ಯೂಬ್ ಒಣಗಬೇಕಲ್ಲ ಎಂಬ ನೆಪದಲ್ಲಿ ಹುಡುಗ ಪ್ಲೇಟಿನ ಮೇಲೆ ಪ್ಲೇಟು ಹೇಳಿದ.

ಕೆಜಿಎಫ್ ಹತ್ತಿರ ಬಂದಂತೆ ದಿಗಂತದಲ್ಲಿ ಬೂದು ಬಣ್ಣದ ಚಪ್ಪಟೆ ಗುಡ್ಡಗಳು. ಊರವರ ಬಾಯಲ್ಲಿ ಸಯನೈಡ್ ದಿಬ್ಬ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕೈಹಾಕಿದ ಮೇಲೆ, 28 ಫೆಬ್ರವರಿ 2001ರಂದು ಗಣಿ ಬಾಗಿಲು ಹಾಕುವ ತನಕ, ಮೂರು ಕಿಲೋಮೀಟರಿಗೂ ಆಳದಿಂದ ಮೇಲೆತ್ತಿದ ಬೆಣಚುಕಲ್ಲನ್ನು ಗಿರಣಿಯಲ್ಲಿ ಹಿಟ್ಟು ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ಸುರಿದ ರಾಶಿ ಅದು. ಈ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಚಿನ್ನ ಹೋಯಿತು, ಕರೆಂಟು ಎಲ್ಲರ ಮನೆಗೂ ಬಂತು, ಹಿಟ್ಟು ಮಾತ್ರ ಚಾಂಪಿಯನ್ ರೀಫ್, ಮಾರಿಕುಪ್ಪಂ ಜನರ ಪಾಲಿಗೆ ಉಳಿಯಿತು. ಗಾಳಿ ಎದ್ದರೆ ಕಿಟಕಿ ಮುಚ್ಚಬೇಕು, ಒಣಹಾಕಿದ ಬಟ್ಟೆ ಒಳಗೆ ತರಬೇಕು. ದಿಬ್ಬ ಹತ್ತುವ ಆಸೆ ಹುಡುಗನಿಗಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ರಸ್ತೆಯಲ್ಲೇ ದಾಟುವುದು ಸಾಕು ಅಂದೆ.

ರಸ್ತೆಯಲ್ಲೂ ಆ ಹಿಟ್ಟೇ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚು 7. ಮಾಮೂಲಿ ಚಾಕುವಿನ ಉಕ್ಕು ಐದೂವರೆ ಆಚೀಚೆ. ತೇರಹಳ್ಳಿಯ ಗರಸಿನಲ್ಲಿ ಇದೇ ಖನಿಜ ದಪ್ಪ ಕಾಳಾಗಿತ್ತು, ಸುಮಾರು ಹೊರಗೇ ಉದುರುತ್ತಿತ್ತು. ಇಲ್ಲಿ ಗಿರಣಿಯೇ ಅದನ್ನು ಸಂದಿಗೆ ಹಿಡಿಸುವ ಅಳತೆಗೆ ಅರೆದು ಕೊಟ್ಟಿದೆ. ಹಿಂದಿನ ದಿನದ ವೆಟ್ ಲ್ಯೂಬಿನ ಚೈನು ಇಲ್ಲಿ ಓಡಿದ್ದರೆ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಟೀ ಕುಡಿಯಲು ನಿಂತಾಗ ಹುಡುಗ ತಾನೇ ಬಗ್ಗಿ ಚೈನು ಮುಟ್ಟಿದ. ಒಣ ಪುಡಿ ಬೆರಳಿಗೆ ಹತ್ತಿತು, ಊದಿದರೆ ಹೋಯಿತು. ಟೀ ಅಂಗಡಿಯವರು ತಮಿಳಿನಲ್ಲಿ ಏನೋ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ, ಪಕ್ಕದವರು ತೆಲುಗಿನಲ್ಲಿ ನಕ್ಕರು.

ಬೇತಮಂಗಲದ ದಾರಿ ತಂಪು. ಪಾಲಾರಿಗೆ ಕಟ್ಟಿದ ಆ ಕೆರೆಯಿಂದಲೇ ಗಣಿಯ ಊರಿಗೆ ಕುಡಿಯುವ ನೀರು ಹೋಗುತ್ತಿತ್ತು. ಏರಿಯ ಮೇಲೆ ಕೂತು ಹುಡುಗ ಮೇಣದ ಸುದ್ದಿ ಎತ್ತಿದ. ಡ್ರೈ ಲ್ಯೂಬಿನ ಮೇಣವೇ ಇಷ್ಟು ಕೆಲಸ ಮಾಡಿದರೆ, ಚೈನನ್ನು ಕರಗಿದ ಪ್ಯಾರಾಫಿನ್ನಿನಲ್ಲೇ ಅದ್ದಿದರೆ ಹೇಗೆ? ಅದೇ ಎಲ್ಲಕ್ಕಿಂತ ಚೊಕ್ಕಟ. ಆದರೆ ಜಿಡ್ಡಿನ ಲವಲೇಶವೂ ಇಲ್ಲದ ಹಾಗೆ ಚೈನು ತೊಳೆದಿರಬೇಕು, ಹೊಸ ಚೈನಾದರೆ ಕಂಪನಿಯ ಗ್ರೀಸು ಕೂಡ ಪೂರ್ತಿ ಹೋಗಿರಬೇಕು. ಪ್ಯಾರಾಫಿನ್ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನೇರ ಉರಿಯ ಮೇಲೆ ಇಟ್ಟರೆ ಹೊತ್ತಿಕೊಂಡೀತು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಆರಿದ ಮೇಲೆ ಕೊಂಡಿಗಳು ಸೆಟೆದುಕೊಂಡಿರುತ್ತವೆ, ಒಂದೊಂದನ್ನೇ ಬಗ್ಗಿಸಿ ಸಡಿಲ ಮಾಡಿ ಹಾಕಿಕೊಳ್ಳುವುದು. ಮಳೆಗಾಲ ಬರುವ ತನಕ ಕೋಲಾರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಹುಡುಗ ಅಲ್ಲೇ ಮನೆಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಅಕ್ಕನ ದನಿ:

"ಏನ್ ಬೇಕಾದ್ರೂ ಕರಗಿಸ್ಕೊಳ್ರಿ. ನನ್ನ ಹಾಲಿನ ಪಾತ್ರೆ ಮುಟ್ಟಿದ್ರೆ ಮಾವ-ಅಳಿಯ ಇಬ್ಬರಿಗೂ ಊಟ ಇಲ್ಲ."

ವಾಪಸು ಬರುವಾಗ ಬಂಗಾರಪೇಟೆ ಸಂತೆಬೀದಿಯಲ್ಲಿ ಒಂದು ಹಳೇ ಅಲ್ಯೂಮಿನಿಯಂ ಪಾತ್ರೆ ಚೌಕಾಸಿ ಮಾಡಿ ತಗೊಂಡೆವು.