ಪಿ.ಟಿ. ಮೇಷ್ಟ್ರ ಜೊತೆ ಬೆಟ್ಟಕ್ಕೆ

ನಮ್ಮ ಪಿ.ಟಿ. ಮೇಷ್ಟ್ರ ಜೊತೆ ಚಾರಣಕ್ಕೆ ಹೊರಟವರಿಗೆಲ್ಲ ಒಂದೊಂದು ನಂಬರ್ ಇರುತ್ತಿತ್ತು. ಬಸ್ ಹತ್ತುವಾಗ, ಇಳಿಯುವಾಗ, ನೀರು ಕುಡಿಯಲು ನಿಂತಾಗ ಅವರು ವಿಸಿಲ್ ಊದುತ್ತಿದ್ದರು. ಒಂದರಿಂದ ಶುರು ಮಾಡಿ ನಾವೇ ಕೂಗಬೇಕು. ತಲೆ ಎಣಿಸುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. "ನಾನು ಎಣಿಸಿದ್ರೆ ಒಬ್ಬನನ್ನೇ ಎರಡು ಸಲ ಎಣಿಸಿಬಿಡಬಹುದು. ಇಲ್ಲದವನು ಮಾತ್ರ ಕೂಗೋಕಾಗಲ್ಲ" ಅನ್ನುತ್ತಿದ್ದರು. ಕ್ಲಾಸಿನಲ್ಲಿ ಪ್ರಾಕ್ಸಿ ಹಾಕುವ ಹಾಗೆ ಪಕ್ಕದವನ ನಂಬರ್ ಕೂಗಿದವನಿಗೆ ಮುಂದಿನ ಚಾರಣ ಇಲ್ಲ.

ನಿಧಾನವಾಗಿ ನಡೆಯುವವರು ಸಾಲಿನ ಮುಂಭಾಗದಲ್ಲಿ, ಜಿಂಕೆ ಥರ ಓಡುವವರು ಹಿಂದೆ. ಓಡುವವರಿಗೆ ಇದರಷ್ಟು ದೊಡ್ಡ ಶಿಕ್ಷೆ ಇಲ್ಲ ಬಿಡಿ. ಎಲ್ಲರಿಗಿಂತ ಕೊನೆಗೆ ಮೇಷ್ಟ್ರು. ಅವರ ಹಿಂದೆ ಯಾರೂ ಇರಬಾರದು, ಅಷ್ಟೇ.

ಅವರ ನಿಜವಾದ ಕೆಲಸ ನಡೆಯುತ್ತಿದ್ದದ್ದು ಹೊರಡುವ ಮುಂಚೆ. ಅದು ನಮಗೆ ಆಗ ಕಾಣಿಸುತ್ತಲೇ ಇರಲಿಲ್ಲ. ಹಿಂದಿನ ವಾರವೇ ಸ್ಕೂಟರ್‌ನಲ್ಲಿ ಒಬ್ಬರೇ ಹೋಗಿ ದಾರಿ ನೋಡಿ ಬರುತ್ತಿದ್ದರು. ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆಯಾ, ನೀರು ಎಲ್ಲಿ ಸಿಗುತ್ತೆ, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ, ಎಲ್ಲ ವಿಚಾರಿಸಬೇಕು. ಮನೆಗೆ ಕಳಿಸುವ ಒಪ್ಪಿಗೆ ಪತ್ರದಲ್ಲಿ ಆಸ್ತಮಾ, ಫಿಟ್ಸ್, ಜೇನು ಕಚ್ಚಿದರೆ ಅಲರ್ಜಿ ಅಂತ ಒಂದೊಂದೇ ಕೇಳುತ್ತಿದ್ದರು. ಇನ್‌ಹೇಲರ್ ಇರುವವರು ಅದನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬಸ್ಸಿನಲ್ಲಿ ಬಿಟ್ಟ ಬ್ಯಾಗಿನಲ್ಲಿದ್ದರೆ ಏನು ಪ್ರಯೋಜನ, ಅಲ್ವಾ?

ಹಾವು ಕಚ್ಚಿದರೆ ಬ್ಲೇಡಿನಿಂದ ಕೊಯ್ದು ಬಾಯಲ್ಲಿ ವಿಷ ಹೀರುವುದನ್ನು ನಾವೆಲ್ಲ ಸಿನಿಮಾದಲ್ಲಿ ನೋಡಿದ್ದೆವು. ಕೊಯ್ಯಬೇಡಿ, ಹೀರಬೇಡಿ, ಹಗ್ಗದಲ್ಲಿ ಬಿಗಿಯಾಗಿ ಕಟ್ಟಬೇಡಿ ಎಂದು ಮೇಷ್ಟ್ರು ಅದನ್ನೆಲ್ಲ ಅಳಿಸಿಹಾಕಿದರು. ಕಚ್ಚಿಸಿಕೊಂಡವನನ್ನು ನಡೆಸಬಾರದು. ಕಾಲು ಅಲ್ಲಾಡದ ಹಾಗೆ ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಹುಡುಗರನ್ನೇ ಸ್ಟ್ರೆಚರ್ ಮೇಲೆ ಮಲಗಿಸಿ ಗ್ರೌಂಡಿನಲ್ಲಿ ಹೊತ್ತು ಅಭ್ಯಾಸ ಮಾಡಿಸಿದ್ದರು. ದಪ್ಪಗಿದ್ದವನಿಗೇ ಹಾವು ಕಚ್ಚಬೇಕು ಅನ್ನುವುದು ಅವರ ನಿಯಮ.

ಒಂಬತ್ತನೇ ಕ್ಲಾಸಿನಲ್ಲಿ ಸಾವನದುರ್ಗಕ್ಕೆ ಹೋದೆವು. ಮಾಗಡಿ ತಾಲ್ಲೂಕಿನ ಈ ಬೆಟ್ಟದ ಎತ್ತರ 1,226 ಮೀಟರ್. ಬೆಂಗಳೂರಿನವರಿಗೆ ಹೊಸದೇನಲ್ಲ. ಆದರೆ ಬಹುಪಾಲು ಬೋಳು ಬಂಡೆ. ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತೆ, ನಾಲ್ಕು ಹನಿ ಬಿದ್ದರೆ ಜಾರುಬಂಡಿ. ಸುತ್ತಲಿನ ಕಾಡಿನಲ್ಲಿ ಕರಡಿಗಳಿವೆ. ಅದಕ್ಕೇ ಬೆಳಕು ಹರಿಯುವ ಮುಂಚೆ ಹತ್ತಲು ಬಿಡಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹತ್ತಿದ್ದೆವು. ಇನ್ನು ಸ್ವಲ್ಪ ಹೋದರೆ ತುದಿಯ ನಂದಿ ಮಂಟಪ. ದೂರದಲ್ಲಿ ಒಂದು ಸಲ ಗುಡುಗಿತು. ವಿಸಿಲ್ ಊದಿದರು. ವಾಪಸ್!

ನಾವು ಬೇಡಿಕೊಂಡೆವು. ಇಬ್ಬರು ಅತ್ತೇಬಿಟ್ಟರು. ಗುಡುಗು ಕೇಳಿಸುವಷ್ಟು ಹತ್ತಿರ ಇದೆ ಅಂದರೆ ಸಿಡಿಲು ಇಲ್ಲಿಗೂ ಬೀಳಬಹುದು, ಬೋಳು ಬಂಡೆಯ ಮೇಲೆ ಎಲ್ಲರಿಗಿಂತ ಎತ್ತರ ಇರೋರು ನಾವೇ, ಎಂದಷ್ಟೇ ಹೇಳಿ ಇಳಿಸಿದರು. ಕಡಿದಾದ ಕಡೆ ಕೂತುಕೊಂಡೇ ಜಾರಿದೆವು. ತಮಾಷೆ ಏನೆಂದರೆ ಅವತ್ತು ಮಳೆ ಬರಲೇ ಇಲ್ಲ. ಕೆಳಗೆ ವೀರಭದ್ರಸ್ವಾಮಿ ಗುಡಿ ಹತ್ತಿರ ಚಿತ್ರಾನ್ನ ತಿನ್ನುವಾಗ ಚುರುಗುಟ್ಟುವ ಬಿಸಿಲು. ಹತ್ತಿರದ ಮಂಚನಬೆಲೆ ಡ್ಯಾಮಿನ ನೀರಿಗಾದರೂ ಇಳಿಯೋಣ ಸಾರ್ ಅಂದೆವು. ಅದಕ್ಕೂ ಇಲ್ಲ. ಆ ಹಿನ್ನೀರಿನಲ್ಲಿ ಈಜಲು ಹೋಗಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತಲ್ಲ. ತಿಂಗಳುಗಟ್ಟಲೆ ನಾವು ಅವರನ್ನು "ಗುಡುಗು ಮೇಷ್ಟ್ರು" ಅಂತ ಆಡಿಕೊಂಡೆವು. ಅವರಿಗೂ ಗೊತ್ತಿತ್ತು. "ಮಳೆ ಬರಲಿಲ್ಲ, ಒಳ್ಳೇದೇ ಆಯ್ತಲ್ಲ" ಅಂದಿದ್ದರು.

ಈಗ ನನ್ನ ಮಗಳು ಎಂಟನೇ ಕ್ಲಾಸು. ಅವಳ ಶಾಲೆಯ ಚಾರಣವನ್ನು ಒಂದು ಕಂಪನಿಗೆ ವಹಿಸಿದ್ದಾರೆ. ಬಣ್ಣಬಣ್ಣದ ಕಾಗದ ಬಂತು. ಟೀ ಶರ್ಟ್, ಕ್ಯಾಂಪ್‌ಫೈರ್, ಊಟದ ಮೆನು, ಸರ್ಟಿಫಿಕೇಟ್ ಎಲ್ಲ ಇದೆ. ಆಸ್ಪತ್ರೆಯ ಹೆಸರಿಲ್ಲ. ಫೋನ್ ಮಾಡಿ, ಸಾಲಿನ ಕೊನೆಯಲ್ಲಿ ನಡೆಯೋರು ಯಾರು, ಗುಡುಗಿದರೆ ವಾಪಸ್ ಅಂತ ಹೇಳೋರು ಯಾರು ಎಂದು ಕೇಳಿದೆ. "ಚೆಕ್ ಮಾಡಿ ಹೇಳ್ತೀವಿ ಮೇಡಂ" ಅಂದರು. ಹೇಳಲಿ. ದುಡ್ಡು ಆಮೇಲೆ ಕಟ್ಟುತ್ತೇನೆ.