ಆಟದ ಮಧ್ಯೆ ಆಫ್ ಆಗುತ್ತಿದ್ದ ಕಂಪ್ಯೂಟರ್
ಎರಡು ವಾರ ನನ್ನ ನಿದ್ದೆ ಕೆಡಿಸಿತ್ತು ಇದು. ಬ್ರೌಸರ್, ಸಿನಿಮಾ ಎಲ್ಲಾ ಸರಿ, ದೊಡ್ಡ ಗೇಮ್ ಹಾಕಿ ಹತ್ತು ನಿಮಿಷ ಆಡಿದರೆ ಸಾಕು, ಟಪ್ ಅಂತ ಆಫ್. ನೀಲಿ ಪರದೆಯೂ ಇಲ್ಲ. ವಿಂಡೋಸ್‌ನಲ್ಲಿ ಆದದ್ದೆಲ್ಲ ದಾಖಲಾಗುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಮಾತ್ರ ಇತ್ತು. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುತ್ತದೆ, ಯಾಕೆ ಅಂತ ಹೇಳಲ್ಲ.

ಬಿಸಿ ಇರಬೇಕು ಅಂತ ಧೂಳು ತೆಗೆದೆ, ಚಿಪ್‌ನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಆದರೆ ಗ್ರಾಫಿಕ್ಸ್ ಕಾರ್ಡ್ 72 ಡಿಗ್ರಿ ದಾಟುತ್ತಲೇ ಇರಲಿಲ್ಲ. ಕೊನೆಗೆ ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯಬಹುದಾದ ವಿದ್ಯುತ್ತಿನ ಮಿತಿ, 70%ಗೆ ಇಳಿಸಿದೆ. ಎರಡು ಗಂಟೆ ಅಲ್ಲಾಡಲಿಲ್ಲ!

ಅಂದರೆ ತೊಂದರೆ ಇದ್ದದ್ದು ಎಸ್‌ಎಂಪಿಎಸ್‌ನಲ್ಲಿ, ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯಲ್ಲಿ. ಕಾರ್ಡ್ ಕ್ಷಣಮಾತ್ರ ಜಾಸ್ತಿ ಕರೆಂಟ್ ಎಳೆದಾಗ, ನನ್ನ ಹಳೇ 550 ವಾಟ್‌ನದು ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತಿತ್ತು. 750 ವಾಟ್‌ನದು ತಂದೆ. ಕಾರ್ಡಿನ ಎರಡು 8 ಪಿನ್ ಪವರ್ ಸಾಕೆಟ್‌ಗೂ ಬೇರೆ ಬೇರೆ ಕೇಬಲ್ ಎಳೆದೆ, ಕಟ್ ಅನ್ನುವವರೆಗೆ ಒತ್ತಿದೆ. ಹಳೇ ಎಸ್‌ಎಂಪಿಎಸ್‌ನ ಕೇಬಲ್ ಮಾತ್ರ ಹೊಸದಕ್ಕೆ ಹಾಕಬೇಡಿ, ಪಿನ್ ಜೋಡಣೆ ಬೇರೆ ಇದ್ದರೆ ಬೋರ್ಡೇ ಸುಟ್ಟುಹೋಗಬಹುದು.